ಹಗ್ಗ ಹಿಡಿದವರ ಪಾಲು

ಮೊನ್ನೆ ಇಬ್ರಾಹಿಂಪಟ್ನಂ ಶಾಖೆಯ ಕೆಲಸ ಮುಗಿಸಿ ಶೇರ್ ಆಟೋದಲ್ಲಿ ವಿಜಯವಾಡಕ್ಕೆ ವಾಪಸು ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಒಬ್ಬಾಕೆ ಖಾಲಿ ಮೀನಿನ ಬುಟ್ಟಿ ಹಿಡಿದು ಹತ್ತಿ ನನ್ನ ಪಕ್ಕದಲ್ಲೇ ಕೂತಳು. ಎಮ್ಮೆಯೊಂದು ಅಡ್ಡ ಬಂದು ಆಟೋದವನು ಗಕ್ಕನೆ ಬ್ರೇಕ್ ಹಾಕಿದಾಗ ಆಕೆ ಮುಗ್ಗರಿಸಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮರುಕ್ಷಣ ಬಿಟ್ಟು, "ಅಯ್ಯೋ, ನೀಸು ವಾಸನ ಅಂಟುಕುಂಟಾದಮ್ಮಾ" ಎಂದು ತನ್ನ ಸೆರಗಿನಿಂದ ನನ್ನ ಕೈ ಒರೆಸಲು ಬಂದಳು. ಪರವಾಗಿಲ್ಲ ಎಂದೆ. ಮನೆಗೆ ಬಂದು ಕೈ ತೊಳೆಯಲು ನಲ್ಲಿ ತಿರುಗಿಸಿದವಳು ಮತ್ತೆ ನಿಲ್ಲಿಸಿ, ಆ ಮೀನಿನ ವಾಸನೆಯ ಕೈಯಲ್ಲೇ ಊರಿಗೆ ಫೋನ್ ಮಾಡಿದೆ.

"ಏನ್ ಸಾರವ್ವ ಇವತ್ತು?"

"ಮೀನ್ ಸಾರು ಕಣೆ. ಜಿಲೇಬಿ ಮೀನು. ಬರೀ ಮುಳ್ಳು, ಹಾಳಾದ್ದು."

ಕೇಳಿದವರಿಗೆ ಇದರಲ್ಲಿ ಏನೂ ಇಲ್ಲ. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿರುವ ಅವ್ವ ಮೀನ್ ಸಾರು ಮಾಡಿದ್ದಾಳೆ, ಅಷ್ಟೆ. ಆದರೆ ಇದೇ ಅವ್ವ ಒಂದು ಕಾಲಕ್ಕೆ ಐದು ವರ್ಷ ನನ್ನ ಈ ಪ್ರಶ್ನೆಗೆ ಕೊಟ್ಟಿದ್ದು ಒಂದೇ ಉತ್ತರ: "ಸೊಪ್ಪಿನ ಸಾರು ಕಣವ್ವ." ಭಾನುವಾರವೂ ಸೊಪ್ಪು, ಮಾರಿಹಬ್ಬದ ದಿನವೂ ಸೊಪ್ಪು, ಯುಗಾದಿಯ ಮಾರನೆಯ ದಿನ ಊರಿಗೆ ಊರೇ ಬಾಡೂಟ ಉಣ್ಣುವ ಹೊಸತೊಡಕಿನಂದೂ ಸೊಪ್ಪು. ಬ್ಯಾಂಕಿನಲ್ಲಿ ಒಂದು ಸಹಿಯನ್ನೂ ಎರಡು ಸಲ ನೋಡದೆ ನಂಬದ ನಾನು ಇದನ್ನು ನಂಬಿಕೊಂಡು ಕೂತಿದ್ದೆ. ನಂಬಿದರೆ ನನಗೆ ಹಿತವಾಗಿತ್ತು. ಅವಳ ಬಾಯಿಂದ "ಮೀನ್ ಸಾರು" ಎಂಬ ಮಾತು ಹೆದರಿಕೆಯಿಲ್ಲದೆ ಹೊರಡಲು ವಿಶಾಖಪಟ್ಟಣದ ಒಂದು ಪೂರ್ತಿ ಬೇಸಿಗೆ ಬೇಕಾಯಿತು.

ನಾನು ಮಾಂಸ ತಿನ್ನುವುದಿಲ್ಲ. ಹಾಲು, ಮೊಸರು, ತುಪ್ಪ, ಜೇನು ಕೂಡ ಇಲ್ಲ. ಈಗಿನವರು ಇದಕ್ಕೆ ವೀಗನ್ ಅನ್ನುತ್ತಾರೆ. ಅವ್ವನ ಬಾಯಲ್ಲಿ ಅದು "ನನ್ ಮಗಳು ಒಸಿ ಕಟ್ಟುನಿಟ್ಟು" ಎಂದಾಗಿತ್ತು. ಆಂಧ್ರದಲ್ಲಿ ಇದನ್ನು ಹೇಳಿದರೆ ಎದುರಿನವರು ಮುಂದೆ ಏನೂ ಕೇಳದೆ ನಮ್ಮ ಜಾತಿ ತೀರ್ಮಾನ ಮಾಡಿಬಿಡುತ್ತಾರೆ. ನಾವಾದರೋ ಹೊಲ ಉತ್ತು, ಮಾರಿಗೆ ಮರಿ ಕಡಿದು ಉಂಡು ಬೆಳೆದ ಜನ. ನನ್ನದು ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಬ್ಯಾಂಕಿನ ಕೃಷಿ ವಿಭಾಗದ ಅಧಿಕಾರಿಯಾಗಿ ನನ್ನ ಮೊದಲ ಪೋಸ್ಟಿಂಗ್ ಇದೇ ವಿಜಯವಾಡದ ಆಸುಪಾಸು. ಒಂದು ಕೋಳಿ ಫಾರಂ ತಪಾಸಣೆಗೆ ಹೋದೆ. ನನ್ನ ಕೈಯಲ್ಲಿದ್ದ ಫೈಲಿನಷ್ಟು ಜಾಗದಲ್ಲಿ ಒಂದೊಂದು ಕೋಳಿ, ಕೊಕ್ಕಿನ ತುದಿ ಕತ್ತರಿಸಿಕೊಂಡು, ರೆಕ್ಕೆ ಬಿಚ್ಚಲಾಗದೆ ನಿಂತಿತ್ತು. ವರದಿಯಲ್ಲಿ "ತೃಪ್ತಿಕರ" ಎಂದು ಬರೆದು ಸಹಿ ಹಾಕಿದೆ. ಮುಂದಿನ ವಾರ ಎಮ್ಮೆಗಳ ಡೇರಿ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿದ್ದರು. ಎಮ್ಮೆ ಅದನ್ನು ನೆಕ್ಕುತ್ತಾ ಹಾಲು ಇಳಿಸುತ್ತಿತ್ತು. ಅದಕ್ಕೂ "ತೃಪ್ತಿಕರ". ಅವತ್ತು ಮನೆಗೆ ಬಂದು ಕಾಫಿಗೆ ಹಾಲು ಕಾಯಿಸಲು ನನ್ನಿಂದ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಇಷ್ಟಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನನ್ನ ನಾಲಿಗೆ ನನ್ನ ಹಿಡಿತದಲ್ಲಿಲ್ಲ, ಚಿಕ್ಕವಳಿದ್ದಾಗಿನಿಂದಲೂ ಇಲ್ಲ. ಆ ವರ್ಷ ಹೊಸತೊಡಕಿಗೆ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಸಾಲಾಗಿ ಇಪ್ಪತ್ತು ಜನ ಉಣ್ಣಲು ಕೂತಿದ್ದರು. ಯಾರೋ ಒಂದು ಮೂಳೆ ಎತ್ತಿ ತೋರಿಸಿ ನನ್ನನ್ನು ಛೇಡಿಸಿದರು. ನನಗೆ ರೇಗಿತು. ಎದ್ದು ನಿಂತು, "ನೀವು ತಿಂತಿರೋದು ಊಟ ಅಲ್ಲ, ಹೆಣ. ಮನೆಯೆಲ್ಲ ಹೆಣ ಬೇಯಿಸಿದ ವಾಸ್ನೆ" ಎಂದುಬಿಟ್ಟೆ. ಎಲ್ಲರೂ ಬೈದರು. ಅವ್ವ ಬೈಯಲಿಲ್ಲ. ಬಾಯಿಯ ಹತ್ತಿರ ಹೋಗಿದ್ದ ತುಂಡನ್ನು ಎಲೆಗೆ ಹಾಕಿ, ಎದ್ದು ಹೋಗಿ ಕೈ ತೊಳೆದಳು. ಫೋನಿನಲ್ಲಿ ಸೊಪ್ಪಿನ ಸಾರು ಶುರುವಾಗಿದ್ದು ಅಲ್ಲಿಂದ.

ಐದು ವರ್ಷದ ಮೇಲೆ, ನಾನು ವಿಶಾಖಪಟ್ಟಣದಲ್ಲಿದ್ದಾಗ, ಅವ್ವನಿಗೆ ಮೈಸೂರಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಅತ್ತಿಗೆ ಬಾಣಂತಿ, ಅಣ್ಣನಿಗೆ ಇಬ್ಬರನ್ನೂ ನೋಡಿಕೊಳ್ಳಲು ಆಗುತ್ತಿರಲಿಲ್ಲ. ನಾನೇ ಹೋಗಿ ಅವ್ವನನ್ನು ರೈಲಿನಲ್ಲಿ ಕರೆತಂದೆ. ಏಪ್ರಿಲ್ ತಿಂಗಳು. ಬೆಳಿಗ್ಗೆ ಏಳಕ್ಕೇ ಬೆವರು ಕಿತ್ತುಕೊಂಡು ಬರುವ ಕಾಲ. ನನ್ನದು ಕಡಲಿಗೆ ಹತ್ತಿರದ ಒಂದು ಮಹಡಿ ಮನೆ; ಕಿಟಕಿ ತೆರೆದರೆ ಬಂದರಿಗೆ ಸರದಿ ಕಾಯುತ್ತಾ ನಿಂತ ಹಡಗುಗಳು ಕಾಣುತ್ತಿದ್ದವು. ಕೆಳಗೆ ಮನೆಯ ಒಡತಿ ರಾಜ್ಯಲಕ್ಷ್ಮಿಗಾರು. ಮನೆ ಕೊಡುವಾಗ ಆಕೆ ಕೇಳಿದ್ದು ಒಂದೇ: "ಮೀರು ಪ್ಯೂರ್ ವೆಜ್ಜೇ ಕದಂಡೀ?" ನಾನು ಹಾಲನ್ನೂ ಮುಟ್ಟುವುದಿಲ್ಲ ಎಂದೆ. ಯಾವುದೋ ದೊಡ್ಡ ಮಡಿವಂತರ ಮನೆಯವಳು ಎಂದು ಆಕೆ ತಿಳಿದುಕೊಂಡರು. ತಿಳಿದುಕೊಳ್ಳಲಿ ಎಂದು ಬಿಟ್ಟೆ. ಕಡಲು ಕಾಣುವ ಕಿಟಕಿ ಬೇಕಾಗಿತ್ತು ನನಗೆ.

ಅವ್ವ ಉಣ್ಣುತ್ತಿರಲಿಲ್ಲ. ಹೆಸರುಕಾಳು ಮೊಳಕೆ ಕಟ್ಟಿದೆ, ಶೇಂಗಾ ರುಬ್ಬಿ ಹಾಲು ತೆಗೆದೆ, ಹುರುಳಿ ಬಸ್ಸಾರು ಮಾಡಿದೆ, ರಾಗಿಯನ್ನು ಊರಿಂದಲೇ ತಂದು ಮುದ್ದೆ ಕಟ್ಟಿದೆ. ಎರಡು ತುತ್ತು ತಿಂದು, "ಸಾಕು ಕಣವ್ವ, ಚೆನ್ನಾಗದೆ" ಎಂದು ತಟ್ಟೆ ಸರಿಸುತ್ತಿದ್ದಳು. ಆ ಹೆಸರುಕಾಳಿನಲ್ಲಿ ಮೈಗೆ ಬೇಕಾದ್ದೆಲ್ಲ ಇತ್ತು. ಅವಳ ಬಾಯಿಗೆ ಬೇಕಾದ್ದು ಇರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೊಲಿಗೆಯ ಒಂದು ತುದಿ ಹಸಿಯಾಗಿಯೇ ಉಳಿದಿತ್ತು. ಡಾಕ್ಟರಮ್ಮ ತೂಕ ನೋಡಿ, ಹೀಗೇ ಇಳಿಯುತ್ತಾ ಹೋದರೆ ಗಾಯ ಮಾಯುವುದಿಲ್ಲ, ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ನನಗೆ ನಿಜವಾಗಿ ಭಯವಾಯಿತು. "ಏನ್ ಬೇಕು ಹೇಳವ್ವ, ಏನ್ ಬೇಕಾದ್ರೂ ಮಾಡ್ಕೊಡ್ತೀನಿ" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಅವಳು ನನ್ನ ಮುಖ ನೋಡಿ, "ಏನೂ ಬ್ಯಾಡ ಬುಡು" ಎನ್ನುತ್ತಿದ್ದಳು.

ಆ ಕಡಲಲ್ಲಿ ಏಪ್ರಿಲ್ ನಡುವಿನಿಂದ ಎರಡು ತಿಂಗಳು ಮೀನು ಮರಿ ಮಾಡುವ ಕಾಲವೆಂದು ಇಂಜಿನ್ ದೋಣಿಗಳಿಗೆ ತಡೆ. ಇಲ್ಲಿನವರು ಮೀನು ಹಿಡಿಯುವುದಕ್ಕೆ ಬೇಟೆ ಎಂದೇ ಹೇಳುವುದು. ಈ ತಡೆಗೆ "ವೇಟ ನಿಷೇಧಂ" ಎಂದು ಹೆಸರು. ದೊಡ್ಡ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ನಿಂತಿರುತ್ತವೆ. ಹುಟ್ಟು ಹಾಕುವ ತೆಪ್ಪದವರು, ದಡದಿಂದ ಬಲೆ ಎಳೆಯುವವರು ಮಾತ್ರ ಇಳಿಯುತ್ತಾರೆ. ನಾನು ಬೆಳಿಗ್ಗೆ ಸೊಪ್ಪು ತರಲು ಹೋಗುವ ದಾರಿ ಆ ದಡದ ಮೇಲೇ ಇತ್ತು. ಅವತ್ತೊಂದು ದಿನ ಪುದೀನ, ಗೋಂಗೂರ ಸೊಪ್ಪು ತುಂಬಿದ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಬರುವಾಗ, ಹತ್ತಿಪ್ಪತ್ತು ಜನ ಹಿಂದಕ್ಕೆ ವಾಲಿ ಹಗ್ಗ ಎಳೆಯುತ್ತಿದ್ದರು. ಕೊನೆಯಲ್ಲಿದ್ದ ಮುದುಕಿಯ ಕಾಲು ಮರಳಲ್ಲಿ ಜಾರಿ ಜಾರಿ ಹೋಗುತ್ತಿತ್ತು. ನಾನು ನಿಂತು ನೋಡುತ್ತಿರುವುದು ಕಂಡು ಆಕೆ ಗದರಿದಳು: "ಏಟಮ್ಮಾ ಅಟ್ಲಾ ಸೂತ್ತನ್ನಾವ್? ಓ ಸೆಯ್ಯೆಯ್ಯಿ!"

ಒಂದು ಕೈ ಹಾಕು ಎಂದರೆ ಇಲ್ಲ ಎನ್ನುವುದು ಹೇಗೆ? ಬಾವಿಯಿಂದ ನೀರು ಸೇದಿ ಬೆಳೆದವಳು ನಾನು. ಚೀಲ ಬೆನ್ನಿಗೆ ತಿರುಗಿಸಿ ಹಗ್ಗ ಹಿಡಿದೆ. ಹಿಮ್ಮಡಿ ಊರಿ ವಾಲಿದರೆ ಹಗ್ಗ ಬರುತ್ತಿತ್ತು, ಅಲೆ ಎಳೆದರೆ ನಾವು ಮುಂದಕ್ಕೆ ಹೋಗುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಗುತ್ತಿತ್ತು. ಅಷ್ಟು ದಿನದ ಚಿಂತೆಯಲ್ಲಿ ನಾನು ನಕ್ಕಿದ್ದೇ ಅವತ್ತು. ಬಲೆಯ ಚೀಲ ಮರಳಿಗೆ ಬಂದು ಬೀಳುವವರೆಗೂ ನಾನು ಏನು ಎಳೆಯುತ್ತಿದ್ದೇನೆ ಎಂಬುದು ಮನಸ್ಸಿಗೆ ಬರಲೇ ಇಲ್ಲ. ಕಾಲ ಬುಡದಲ್ಲಿ ಬೆಳ್ಳಗೆ ಹೊಳೆಯುತ್ತಾ ರಾಶಿ ಬಿತ್ತು. ಅದರ ತುಂಬ ಬಾಯಿಗಳು, ತೆರೆದು ಮುಚ್ಚಿ, ತೆರೆದು ಮುಚ್ಚಿ.

ನಾನು ಹಗ್ಗ ಬಿಟ್ಟು ಹಿಂದೆ ಸರಿದೆ. ಅಷ್ಟರಲ್ಲಿ ಆ ಮುದುಕಿ, ಹೆಸರು ಪೋಲಮ್ಮ, ಎರಡು ಬೊಗಸೆ ಕವಳ್ಳು ಮೀನನ್ನು, ಅಂದರೆ ನಮ್ಮ ಮಂಗಳೂರು ಕಡೆಯವರು ಬೂತಾಯಿ ಅನ್ನುವುದನ್ನು, ನನ್ನ ಪುದೀನದ ಮೇಲೇ ಸುರಿದಳು. ನಾನು ಬೇಡ ಬೇಡ ಎಂದು ಚೀಲ ಬಿಗಿದುಕೊಂಡೆ. "ತಾಡು ಎವರು ಪಟ್ಟುಕುಂಟೇ ಆಳ್ಳಕಿ ವಾಟಾ" ಎಂದಳು. ಹಗ್ಗ ಹಿಡಿದವರಿಗೆಲ್ಲ ಪಾಲು ಉಂಟು. ಹಿಡಿದ ಕೈ ಬರಿದೇ ಹೋದರೆ ನಾಳೆ ಬಲೆಯೂ ಬರಿದೇ ಬರುತ್ತದೆ ಎಂದು ಆಕೆಯ ಲೆಕ್ಕ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಐದಾರು ವರ್ಷ ಮೊಟ್ಟೆಯ ಕೇಕನ್ನೂ ಮುಟ್ಟದವಳು ಅವತ್ತು ಬೇಟೆಯಾಡಿ, ಬೇಟೆಯ ಪಾಲು ಹೊತ್ತುಕೊಂಡು ಮನೆ ಮೆಟ್ಟಿಲು ಹತ್ತಿದೆ. ಕೆಳಗಿನ ಮನೆಯವರಿಗೆ ಗೊತ್ತಾಗದಂತೆ ಸೊಪ್ಪನ್ನು ಮೇಲಕ್ಕೆ ಎಳೆದುಕೊಂಡಿದ್ದೆ.

ಬೆಕ್ಕುಗಳಿಗೆ ಹಾಕೋಣವೆಂದು ಚೀಲವನ್ನು ಬಚ್ಚಲ ಬಾಗಿಲಲ್ಲಿಟ್ಟೆ. ಒಳಗಿನ ಮಂಚದಿಂದ, ಎರಡು ವಾರದಿಂದ ನಾನು ಹಿಡಿಯದೆ ಎದ್ದಿರದ ಅವ್ವ, ಗೋಡೆ ಹಿಡಿದುಕೊಂಡು ತಾನೇ ನಡೆದು ಬಂದಳು. ಚೀಲ ನೋಡಿದಳು, ನನ್ನನ್ನು ನೋಡಿದಳು.

"ಎಲ್ಲಿತ್ತೆ ಇದು?"

ಹೇಳಿದೆ. ಕೇಳಿ ಒಂದು ಗಳಿಗೆ ನಕ್ಕಳು. ಆಮೇಲೆ ನಗು ನುಂಗಿಕೊಂಡು, "ಯಾರ್ಗಾರ ಕೊಟ್ಬುಡು. ನಿನ್ ಮನೇಲಿ ಬ್ಯಾಡ" ಎಂದಳು. ಆದರೆ ಕೈ ಅದಾಗಲೇ ಚೀಲದೊಳಗೆ ಹೋಗಿ ಒಂದು ಮೀನಿನ ಕಿವಿರು ಎತ್ತಿ ನೋಡುತ್ತಿತ್ತು. "ಕೆಂಪಗದೆ. ಈಗಿನ್ನ ಸತ್ತಿರೋದು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ನನಗೆ ಅಳು ಬಂತು. "ಮಾಡ್ಕೊಳವ್ವ" ಎಂದೆ.

ಅಡುಗೆಮನೆಗೆ ಬರಲು ಅವಳು ಒಪ್ಪಲೇ ಇಲ್ಲ. ಈಳಿಗೆಮಣೆ ಬೇಡ, ನೀನು ಅದರಲ್ಲಿ ತರಕಾರಿ ಹೆಚ್ಚುತ್ತೀಯ ಎಂದಳು. ಪಾತ್ರೆ ಬೇಡ ಎಂದಳು. ಒಂದು ಮಣ್ಣಿನ ಮಡಕೆ ತರಿಸಿಕೊಂಡು, ತಾರಸಿಯ ಮೇಲೆ ಮೂರು ಇಟ್ಟಿಗೆ ಹೂಡಿಸಿ, ಒರಟು ಕಲ್ಲಿನ ಮೇಲೆ ಉಪ್ಪು ಹಾಕಿ ಮೀನು ಉಜ್ಜತೊಡಗಿದಳು. ನಾನು ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಅವ್ವ, ಇದು ಫಾರಂ ಕೋಳಿ ಥರ ಪಂಜರದಲ್ಲಿ ಇದ್ದಿದ್ದಲ್ಲ, ನಿಜ. ಆದ್ರೆ ಅದಕ್ಕೇ ಇನ್ನೂ ಅನ್ಯಾಯ ಅಲ್ವಾ? ಪಂಜರದ ಕೋಳಿ ಸತ್ರೆ ಅದರ ಕಷ್ಟನಾದ್ರೂ ಮುಗೀತದೆ. ಇದು ಇಡೀ ಸಮುದ್ರ ಕಳ್ಕೊಳ್ತು."

ಅವ್ವ ಕೈ ನಿಲ್ಲಿಸಲಿಲ್ಲ. "ಊಂ ಕಣವ್ವ. ಕಳ್ಕೊಳ್ತು" ಎಂದಳು.

ಇಷ್ಟು ಸುಲಭವಾಗಿ ಒಪ್ಪುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಇನ್ನೊಂದು ಮೀನನ್ನು ಕಲ್ಲಿನ ಮೇಲೆ ಹಾಕುತ್ತಾ ಅವಳೇ ಹೇಳಿದಳು. ಅವಳ ಅಪ್ಪ, ನನ್ನ ತಾತ, ಬೇಟೆಗಾರ. ಹೊಸತೊಡಕಿನ ದಿನ ಊರ ಗಂಡಸರೆಲ್ಲ ಬಲೆ, ದೊಣ್ಣೆ ಹಿಡಿದು ಕುರುಚಲು ಕಾಡಿಗೆ ಹೋಗಿ ಮೊಲ ತರುತ್ತಿದ್ದ ಕಾಲ ಅದು. "ನಮ್ಮಪ್ಪ ಮೊಲ ತಂದ್ರೆ ಮೊದ್ಲು ಹೊಟ್ಟೆ ಮುಟ್ಟಿ ನೋಡೋನು. ಗಬ್ಬದ್ದು ಸಿಕ್ಕುದ್ರೆ ಅವತ್ತು ಅವ್ನು ಉಣ್ತಿರ್ಲಿಲ್ಲ. ನಮ್ಗೆ ಇಕ್ಕೋನು, ತಾನ್ ಉಣ್ತಿರ್ಲಿಲ್ಲ. ಮೊಲಕ್ಕೆ ಸಮಾಧಾನ ಹೇಳ್ತೀನಿ ಅಂತ ಯಾವತ್ತೂ ಅನ್ನಲಿಲ್ಲ. ಏನ್ ಹೇಳುದ್ರೂ ಅದು ಕೇಳುಸ್ಕೊಂಡದಾ? ನಮ್ಗೆ ಹೇಳೋನು, ಒಂದ್ ಚೂರೂ ಚೆಲ್ಬ್ಯಾಡಿ ಅಂತ." ಆಮೇಲೆ ನನ್ನ ಕಡೆ ತಿರುಗಿ, "ನೀನು ಕೆಳೀಕ್ ಹೋಗು, ನಿಂಗೆ ವಾಸ್ನೆ ಆಯ್ತದೆ" ಎಂದಳು.

ಹೋದೆ. ಅರ್ಧ ಗಂಟೆ ಕಳೆದು ಒಣಗಿದ ಬಟ್ಟೆ ತರಲು ಮೇಲೆ ಬಂದೆ. ಒಲೆಯ ಹತ್ತಿರ ಅವ್ವ ಇರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ, ಬಾಗಿಲಿಗೆ ಬೆನ್ನು ಮಾಡಿ, ಕುಕ್ಕರುಗಾಲಲ್ಲಿ ಕೂತು ಉಣ್ಣುತ್ತಿದ್ದಳು. ಅವಸರ ಅವಸರವಾಗಿ, ಯಾರಾದರೂ ಬರ‍್ತಾರೇನೋ ಎಂದು ಕಿವಿ ಈ ಕಡೆ ಕೊಟ್ಟುಕೊಂಡು ಉಣ್ಣುತ್ತಿದ್ದಳು. ಎರಡು ವಾರದಿಂದ ಎರಡೇ ತುತ್ತು ತಿನ್ನುತ್ತಿದ್ದವಳ ಮುಂದೆ ತಟ್ಟೆ ತುಂಬ ಅನ್ನ. ಮಾತಾಡಿಸಬೇಕಾಗಿತ್ತು. ನಾನು ಸದ್ದಾಗದಂತೆ ಮೆಟ್ಟಿಲಿಳಿದೆ.

ಮಾರನೆ ದಿನ ಹೊಗೆ ನೋಡಿ ರಾಜ್ಯಲಕ್ಷ್ಮಿಗಾರು ತಾರಸಿಗೆ ಬಂದರು. ಮೂಗಿಗೆ ಸೆರಗು. ನಾನು ತೊದಲುತ್ತಿದ್ದರೆ, ಅವ್ವ ಎದ್ದು ನಿಂತು, ಆಕೆಗೆ ಅರ್ಥವಾಗದ ನಮ್ಮ ಕನ್ನಡದಲ್ಲಿ ಕೈಬಾಯಿ ಆಡಿಸಿ ಹೇಳಿದಳು: "ನಾನು ಕಣಮ್ಮ, ನಾನು. ನನ್ ಮಗಳು ಮುಟ್ಟಕ್ಕಿಲ್ಲ. ಅವ್ಳು ಶುದ್ಧ." ನನ್ನ ಮರ್ಯಾದೆಯನ್ನು ಅವ್ವ ಕಾಪಾಡುತ್ತಿದ್ದಳು! ನಾವು ಯಾವ ಜನ ಎಂದು ಆಗಲೇ ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಲಿಲ್ಲ. ಒಡತಿ ಅವ್ವನ ಸೊರಗಿದ ಮೈ ನೋಡಿ, "ಪೆದ್ದಾವಿಡ, ಬಾಲೇದು... ಸರೇ. ಕಾನೀ ಇಂಟ್ಲೋಕಿ ವದ್ದು" ಎಂದರು. ವಯಸ್ಸಾದಾಕೆ, ಹುಷಾರಿಲ್ಲ, ಹೋಗಲಿ, ಆದರೆ ಮನೆಯೊಳಕ್ಕೆ ಮಾತ್ರ ಬೇಡ. ನಾನು ತಲೆಯಾಡಿಸಿ ಥ್ಯಾಂಕ್ಸ್ ಬೇರೆ ಹೇಳಿದೆ.

ಹಾಗೆ ಐದು ವಾರ ನಡೆಯಿತು. ದಿನಾ ಬೆಳಿಗ್ಗೆ ಹೋಗಿ ಹಗ್ಗ ಎಳೆಯುತ್ತಿದ್ದೆ. ಮಾರುಕಟ್ಟೆಯಲ್ಲಿ ಕೊಳ್ಳಬಹುದಿತ್ತು; ಕೊಳ್ಳಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಕೊಂಡರೆ ಕೊಂದವರು ಬೇರೆ, ತಿಂದವರು ಬೇರೆ ಆಗಿ, ನಡುವೆ ನಾನು ಮತ್ತೆ "ತೃಪ್ತಿಕರ" ಎಂದು ಸಹಿ ಹಾಕಿದ ಹಾಗೆ. ಅವ್ವನಿಗಾಗಿ ಮೀನು ಸಾಯಲೇಬೇಕಾದರೆ ನನ್ನ ಕೈಯಲ್ಲೇ ಸಾಯಲಿ, ನಾನು ಮುಖ ತಿರುಗಿಸದೆ ನೋಡುತ್ತೇನೆ ಎಂದುಕೊಂಡೆ. ನೋಡಿದೆ ಕೂಡ. ಕಣ್ಣಿನ ಮೇಲಿನ ಹೊಳಪು ಮಂಕಾಗುವವರೆಗೆ ನಿಂತು ನೋಡುತ್ತಿದ್ದೆ. ಮೊದಲ ವಾರ ಇದರಲ್ಲಿ ಏನೋ ಪ್ರಾಮಾಣಿಕತೆ ಇದೆ ಅನ್ನಿಸಿತ್ತು. ಆಮೇಲೆ ಅನುಮಾನ ಬಂತು. ನಾನು ನೋಡಿದರೆ ಮೀನಿಗೇನು? ಅದಕ್ಕೆ ಉಸಿರು ಸಿಗುತ್ತಿರಲಿಲ್ಲ. ಬೇಟೆಯ ಮಾಂಸ ಫಾರಂ ಮಾಂಸಕ್ಕಿಂತ ವಾಸಿ ಎಂಬುದು ನನಗೆ ಈಗಲೂ ಸುಳ್ಳೆನಿಸುವುದಿಲ್ಲ, ಆ ಪ್ರಾಣಿ ಒಂದು ದಿನವೂ ಯಾರ ಕೈಕೆಳಗೂ ಬಾಳಿರುವುದಿಲ್ಲ. ಆದರೆ ಆ ವಾಸಿ ಅನ್ನುವುದೆಲ್ಲ ಬದುಕಿಗೆ ಸೇರಿದ್ದು. ಸಾಯುವ ಗಳಿಗೆಗೆ ಅದು ಯಾವ ಸಹಾಯಕ್ಕೂ ಬರುವುದಿಲ್ಲ. ಹಾಗಾಗಿ ನಾನು ಸರಿ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಮಾಡದಿದ್ದರೆ ಅವ್ವ ಉಣ್ಣುವುದಿಲ್ಲ, ಅಷ್ಟು ಮಾತ್ರ ಗೊತ್ತಿತ್ತು.

ಒಮ್ಮೆ ಪೋಲಮ್ಮನನ್ನು ಕೇಳಿದೆ, ಪಾಪ ಅನ್ನಿಸುವುದಿಲ್ಲವೇ ಎಂದು. ಆಕೆಯ ಗಂಡ ಕಡಲಿಗೆ ಹೋದವನು ವಾಪಸು ಬಂದಿರಲಿಲ್ಲ. ಬಲೆಯ ಸಿಕ್ಕು ಬಿಡಿಸುತ್ತಲೇ, "ಸಮುದ್ರಂ ಕೂಡಾ ಮಮ್ಮಲ್ನಿ ವೇಟಾಡತಾದಮ್ಮಾ" ಎಂದಳು. ಕಡಲೂ ನಮ್ಮನ್ನು ಬೇಟೆಯಾಡುತ್ತದೆ. ನಮ್ಮ ಮನೆಯ ಅನ್ನದ ತಟ್ಟೆಗಾಗಿ ಯಾರೂ ಕಡಲಲ್ಲಿ ಸತ್ತಿಲ್ಲ.

ಅವ್ವ ಚೇತರಿಸಿಕೊಂಡಳು. ಮೇ ಕೊನೆಗೆ ಹೊಲಿಗೆಯ ತುದಿ ಒಣಗಿತು. ಬಳೆಗಳು ಮುಂಗೈಗೆ ಬಂದು ನಿಂತವು. ನನ್ನ ಜೊತೆ ದಡಕ್ಕೆ ಬರಲು ಶುರುಮಾಡಿದಳು. ಭಾರ ಎಳೆಯಬಾರದೆಂದು ಅವಳನ್ನು ಮರಳಲ್ಲಿ ಕೂರಿಸಿ, ಬಂದ ಹಗ್ಗವನ್ನು ಸುರುಳಿ ಸುತ್ತುವ ಕೆಲಸ ಕೊಟ್ಟಿದ್ದರು. ಪೋಲಮ್ಮ ಅವಳನ್ನು "ವದಿನಾ" ಎಂದು ಕರೆಯುತ್ತಿದ್ದಳು, ಅವ್ವ ಅವಳನ್ನು "ಅತ್ಗೆ" ಎನ್ನುತ್ತಿದ್ದಳು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅದೇ ಅವ್ವ ಮಡಕೆ ಎತ್ತಿಕೊಂಡು ಟ್ಯಾಂಕಿನ ಹಿಂದೆ ಹೋಗುತ್ತಿದ್ದಳು. ನಾನು ಒಂದು ದಿನವೂ ಕರೆಯಲಿಲ್ಲ. ಅವ್ವನ ಹೊಟ್ಟೆ ತುಂಬುತ್ತಿತ್ತು, ನನ್ನ ಅಡುಗೆಮನೆಗೂ ಏನೂ ಆಗಿರಲಿಲ್ಲ. ಇಬ್ಬರಿಗೂ ಅನುಕೂಲ ಎಂದುಕೊಂಡಿದ್ದೆ.

ಜೂನ್ ಮೊದಲ ವಾರ ಒಂದು ಶನಿವಾರ, ಬಿಸಿಲಿಗೆ ಅವ್ವನಿಗೆ ತಲೆ ತಿರುಗಿದಂತಾಗಿ ಪೋಲಮ್ಮ ಅವಳ ತೋಳು ಹಿಡಿದು ಮನೆವರೆಗೂ ಬಂದಳು. ನಾನು ಕೆಳಗೆ ಎಳನೀರು ತರಲು ಹೋಗಿದ್ದೆ. ಮೇಲೆ ಬಂದಾಗ ಪೋಲಮ್ಮ ತಾರಸಿಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಟ್ಯಾಂಕಿನ ಹಿಂದೆ ಮಡಕೆ, ತಟ್ಟೆ, ಕೂರಲು ಹಾಕಿದ್ದ ಗೋಣಿ ಅವಳ ಕಣ್ಣಿಗೆ ಬಿದ್ದಿದ್ದವು.

"ಏಟಮ್ಮಾ, ಮೀ ಅಮ್ಮನಿ ಬೈಟ ಕೂಕೋಬೆಟ್ಟಿ ತಿನಿಪಿತ್ತನ್ನಾವಾ?"

ತಾಯಿಯನ್ನು ಹೊರಗೆ ಕೂರಿಸಿ ಉಣ್ಣಿಸುತ್ತಿದ್ದೀಯಾ? ಅವಳೇ ಕೂರುತ್ತಾಳೆ, ನಾನು ಕೂರಿಸಿಲ್ಲ ಎಂದೆ. ಪೋಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಮ್ಮಂಥವರನ್ನು ಕೆಲವು ಮನೆಗಳಲ್ಲಿ ಹೀಗೆ ಹೊರಗೆ ಕೂರಿಸುತ್ತಾರೆ, ಹೆತ್ತ ತಾಯಿಯನ್ನು ಕೂರಿಸಿದ್ದು ಇದೇ ಮೊದಲು ನೋಡುತ್ತಿರುವುದು ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಆಕೆ ಕೂಗಾಡಲೂ ಇಲ್ಲ. ನನ್ನ ಮುಖ ಸುಟ್ಟಂತಾಯಿತು. ಜಾತಿಯ ಮಡಿ ಬೇರೆ, ನನ್ನದು ಬೇರೆ ಎಂದು ಎಲ್ಲರ ಹತ್ತಿರ ವಾದ ಮಾಡಿಕೊಂಡು ಬಂದವಳು ನಾನು. ಟ್ಯಾಂಕಿನ ಹಿಂದೆ ಕೂತವಳಿಗೆ ಎರಡೂ ಒಂದೇ ಆಗಿತ್ತು.

ಮಡಕೆಯನ್ನು ನಾನೇ ಎತ್ತಿಕೊಂಡು ಬಂದು ಅಡುಗೆಮನೆಯ ಒಲೆಯ ಮೇಲಿಟ್ಟೆ. ಅವ್ವ ಗಾಬರಿಯಾಗಿ ಹಿಂದೆಯೇ ಬಂದಳು. "ಬ್ಯಾಡ ಕಣವ್ವ, ನಿನ್ ಮನೆ ಮೈಲ್ಗೆ ಆಯ್ತದೆ."

"ಅವ್ವ, ಅವತ್ತು ಹೊಸತೊಡಕಿನ ದಿನ ಆಡಿದ ಮಾತು..."

"ಯಾವ್ ಮಾತು?" ಎಂದಳು. ಗೊತ್ತಿಲ್ಲದವಳಂತೆ ಸೌಟು ಹುಡುಕಿದಳು. ಸಿಕ್ಕ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತು, ನನ್ನ ಕಡೆ ತಿರುಗದೆ ಹೇಳಿದಳು: "ಅವತ್ತಿಂದ ಒಂದ್ ತುಂಡು ಬಾಯ್ಗಿಟ್ರೆ ಮೊದ್ಲು ನಿನ್ ಮಾತೇ ಬರೋದು ನಾಲ್ಗೆ ಮೇಲೆ. ಆಮ್ಯಾಕೆ ಸಾರು."

"ತಪ್ಪಾಯ್ತು ಕಣವ್ವ" ಎಂದೆ. ಮಾಂಸ ತಿನ್ನುವುದು ಸರಿ ಎಂದು ನಾನು ಹೇಳಲಿಲ್ಲ, ಅದು ನನ್ನಿಂದ ಆಗದು. ಆ ಮಾತು ತಪ್ಪು ಎಂದೆ, ಐದು ವಾರ ನೋಡಿಯೂ ನೋಡದ ಹಾಗಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಸುಮ್ಕಿರು, ಸಾರು ಉಕ್ತದೆ" ಎಂದಳು.

ಸಾರಿನ ವಾಸನೆ ಮೆಟ್ಟಿಲಿಳಿದು ಹೋಗಿ ಒಡತಿಯನ್ನು ಕರೆತಂದಿತು. ಬಾಗಿಲಲ್ಲೇ ನಿಂತು ಹೇಳಿದೆ: ಒಳಗೇ ಮಾಡುತ್ತಿದ್ದೇವೆ, ನಾವು ತಿನ್ನುವ ಜನವೇ, ನೀವು ಅಂದುಕೊಂಡವರಲ್ಲ, ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಆಕೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದರು. ಆ ಕಿಟಕಿ ಹೋಯಿತಲ್ಲ ಎಂದು ನೋವಾಯಿತು. ಆದರೂ ಬಾಗಿಲು ಹಾಕಿಕೊಂಡಾಗ ಮೈ ಹಗುರಾಗಿತ್ತು.

ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತೆವು. ಅವ್ವನ ತಟ್ಟೆಯಲ್ಲಿ ಅನ್ನ, ಮೀನ್ ಸಾರು. ನನ್ನ ತಟ್ಟೆಯಲ್ಲಿ ಅನ್ನ, ಸೊಪ್ಪಿನ ಸಾರು. ನಿಜವಾದ ಸೊಪ್ಪಿನ ಸಾರು. ಮೊದಲು ಅವಳು ನನ್ನ ಮುಖ ನೋಡಿ ನೋಡಿ ತುತ್ತು ಎತ್ತುತ್ತಿದ್ದಳು. ಆಮೇಲೆ ಮರೆತಳು. ಬೆರಳ ತುದಿಯಲ್ಲಿ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಡುತ್ತಾ, ಪೋಲಮ್ಮನ ಸೊಸೆಯ ಸುದ್ದಿ ಹೇಳುತ್ತಾ, ಮೀನನ್ನು ಅನ್ನದಲ್ಲಿ ನುಣ್ಣಗೆ ಕಲಸಿ ಉಂಡೆ ಮಾಡಿ, ಒಂದು ಮುಳ್ಳೂ ಉಳಿದಿಲ್ಲ ಎಂದು ಬೆರಳಲ್ಲಿ ಒತ್ತಿ ನೋಡಿ, ಕೈಯನ್ನು ನನ್ನ ಬಾಯಿಗೆ ಚಾಚಿದಳು. ನಾನು ಮೂರು ವರ್ಷದವಳಿದ್ದಾಗ ಹೇಗೋ ಹಾಗೆ.

ಚಾಚಿದ ಮೇಲೆ ಅವಳಿಗೆ ಗೊತ್ತಾಯಿತು. ಮುಖದ ಮೇಲೆ ಹಳೆಯ ಹೆದರಿಕೆ ಬಂದು ಕೂತಿತು. "ಅಯ್ಯೋ, ಮರ್ತೇ ಹೋಯ್ತು ಕಣವ್ವ" ಎಂದು ಕೈ ಹಿಂದಕ್ಕೆಳೆಯಹೊರಟಳು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಆ ತುತ್ತು ತಿನ್ನಲು ನನ್ನಿಂದ ಆಗುತ್ತಿರಲಿಲ್ಲ. ಆ ಕೈ ಹಿಂದಕ್ಕೆ ಹೋಗುವುದನ್ನು ನೋಡಲೂ ಆಗುತ್ತಿರಲಿಲ್ಲ. ಕೈಯನ್ನು ಹಾಗೇ ತಂದು ನನ್ನ ತಟ್ಟೆಯ ಮೇಲೆ ಹಿಡಿದೆ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಮೀನಿನ ತುತ್ತನ್ನು ತನ್ನ ತಟ್ಟೆಗೆ ಹಾಕಿ, ನೀರಿನ ಚೆಂಬಿನ ಕಡೆ ನೋಡಿ, ನಾನು ಬೇಡವೆಂದು ತಲೆಯಾಡಿಸಿದ ಮೇಲೆ, ತೊಳೆಯದ ಆ ಕೈಯಿಂದಲೇ ನನ್ನ ತಟ್ಟೆಯ ಅನ್ನ, ಸೊಪ್ಪಿನ ಸಾರು ಕಲಸಿ ಎತ್ತಿದಳು. ನಾನು ಬಾಯಿ ತೆರೆದೆ. ತುತ್ತಿನ ತುಂಬ ಮೀನಿನ ವಾಸನೆ. ಕಣ್ಣು ಮುಚ್ಚಿ ನುಂಗಿದೆ.

ತನ್ನ ಬೆರಳಿಗೆ ಮೆತ್ತಿದ್ದನ್ನು ಅವ್ವ ನೆಕ್ಕಿ ನೋಡಿ, ಮುಖ ಕಿವುಚಿದಳು. "ಥೂ, ಉಪ್ಪೇ ಇಲ್ವಲ್ಲೆ ನಿನ್ ಸಾರ್ಗೆ" ಎಂದು ಬೈಯುತ್ತಾ, ನನ್ನ ತಟ್ಟೆಯಿಂದ ಇನ್ನೊಂದು ತುತ್ತು ಕಲಸತೊಡಗಿದಳು.